ನೋವು ತಲೆಯಲ್ಲಿ, ಚಿಕಿತ್ಸೆ ಕುತ್ತಿಗೆಗೆ

ಪ್ರಶ್ನೆ: ಪದೇ ಪದೇ ತಲೆ ನೋಯುವವರಿಗೆ ಫಿಸಿಯೋಥೆರಪಿ ಮಾಡಿಸಿ ಅಂತಾರೆ. ನಿಜಕ್ಕೂ ಉಪಯೋಗವಿದೆಯೇ?
– ಓದುಗರು, ಬಮ್ಮಿಗಟ್ಟಿ, ಕಲಘಟಗಿ ತಾಲ್ಲೂಕು

ಉತ್ತರ: ಇದೆ, ಆದರೆ ಎಲ್ಲ ತಲೆನೋವಿಗೂ ಅಲ್ಲ. ಕುತ್ತಿಗೆಯ ಮೇಲ್ಭಾಗದ ಮೂರು ನರಗಳೂ ಹಣೆ, ಮುಖದಿಂದ ಬರುವ ನರವೂ ಬೆನ್ನುಹುರಿಯ ಮೇಲ್ತುದಿಯಲ್ಲಿ ಒಂದೇ ಕಡೆ ಕೂಡುತ್ತವೆ. ಹಾಗಾಗಿ ಕುತ್ತಿಗೆಯ ಕೀಲು ನೊಂದರೂ ಹಣೆಯೇ ಸಿಡಿಯುತ್ತಿದೆ ಅನ್ನಿಸಬಹುದು. ಇಂಥ 200 ರೋಗಿಗಳ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ವಾರಗಳ ವ್ಯಾಯಾಮ ಮತ್ತು ಕೈಚಿಕಿತ್ಸೆಯ ಫಲ ವರ್ಷದ ಬಳಿಕವೂ ಉಳಿದಿತ್ತು. ವ್ಯಾಯಾಮವೆಂದರೆ ಬೆವರಿಳಿಸುವ ಕಸರತ್ತಲ್ಲ: ಅಂಗಾತ ಮಲಗಿ, ಗದ್ದವನ್ನು ಮೆಲ್ಲಗೆ ಒಳಕ್ಕೆ ಬಾಗಿಸಿ, ಹತ್ತು ಸೆಕೆಂಡ್ ಹಿಡಿದು ಬಿಡುವುದು. ಕುತ್ತಿಗೆಯ ಒಳಸ್ನಾಯುಗಳು ಗಟ್ಟಿಯಾಗುವುದು ಹೀಗೆಯೇ.

ಎಣ್ಣೆ ಹಚ್ಚಿ ತಿಕ್ಕಿದರೆ ಸಾಲದೇ ಎನ್ನಬಹುದು. ತಿಕ್ಕಿದ ಹಿತ ಬೇಗ ಇಳಿಯುತ್ತದೆ, ಸ್ನಾಯುವಿಗೆ ಬಲ ಬರುವುದಿಲ್ಲ. ಹತ್ತು ರೂಪಾಯಿಯ ಗುಳಿಗೆ ಇರುವಾಗ ಹುಬ್ಬಳ್ಳಿ–ಧಾರವಾಡಕ್ಕೆ ಯಾಕೆ ಅಲೆಯಬೇಕು ಎಂಬ ತಕರಾರು ಇನ್ನೂ ಗಟ್ಟಿ. ಆದರೆ ತಿಂಗಳಲ್ಲಿ 15 ದಿನ ಅಥವಾ ಹೆಚ್ಚು, ತಿಂಗಳುಗಟ್ಟಲೆ ನುಂಗಿದರೆ ನೋವಿನ ಗುಳಿಗೆಯೇ ತಲೆನೋವು ತರುತ್ತದೆ. ವ್ಯಾಯಾಮವನ್ನೋ ಒಮ್ಮೆ ಸರಿಯಾಗಿ ಕಲಿತರೆ ಮನೆಯಲ್ಲೇ ಮಾಡಬಹುದು. ಮೈಗ್ರೇನಿಗೆ ಮಾತ್ರ ಇದು ಔಷಧದ ಜೊತೆಗಾರ, ಬದಲಿಯಲ್ಲ. ಕರ್ನಾಟಕದಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಕಂಡಿತ್ತು. ಆದ್ದರಿಂದ ಮೊದಲು ವೈದ್ಯರ ತಪಾಸಣೆ. ಸಿಡಿಲಿನಂತೆ ಹಠಾತ್ತನೆ ಬಂದ ನೋವು, ಜ್ವರದೊಂದಿಗೆ ಸೆಟೆದ ಕುತ್ತಿಗೆ, ತೊದಲು ಮಾತು, ಕೈಕಾಲಿನ ಬಲಹೀನತೆ ಇದ್ದರೆ ಕುತ್ತಿಗೆ ಮುಟ್ಟಿಸದೆ ನೇರ ದೊಡ್ಡಾಸ್ಪತ್ರೆಗೆ ಹೋಗಿ.