ಹದವಿಲ್ಲದ ಮಣ್ಣಿಗೆ ಕಳೆ ಔಷಧಿ: ದುಡ್ಡು ಮಣ್ಣುಪಾಲು

ಸೋಮಂದೇಪಲ್ಲಿ: ಮುಂಗಾರು ಬಂತೆಂದರೆ ಇಲ್ಲಿಯ ಕೆಂಪು ಹೊಲಗಳಲ್ಲಿ ಎರಡು ಬೆಳೆ ಒಟ್ಟಿಗೇ ಏಳುತ್ತವೆ. ಒಂದು ರೈತ ಬಿತ್ತಿದ ಕಡ್ಲೆಕಾಯಿ, ಇನ್ನೊಂದು ಯಾರೂ ಬಿತ್ತದ ಕಳೆ. ಹಿಂದೆ ಆಳು ಬಿಟ್ಟು ಕಳೆ ತೆಗೆಸುತ್ತಿದ್ದರು. ಈಗ ಆಳು ಸಿಗೋದೇ ಕಷ್ಟ, ಸಿಕ್ಕರೂ ಕೂಲಿ ಕೈಗೆಟುಕಲ್ಲ. ಹಾಗಾಗಿ ಔಷಧಿ ಡಬ್ಬಿಯ ಮೇಲೇ ರೈತನ ಭರವಸೆ. ಆದರೆ ಔಷಧಿ ಹಾಕಿ ಹದಿನೈದು ದಿನ ಕಳೆದರೂ ಕಳೆ ನೆಟ್ಟಗೆ ನಿಂತಿದ್ದರೆ? 'ನಕಲಿ ಔಷಧಿ ಕೊಟ್ಟರು' ಎಂದು ಅಂಗಡಿ ಮುಂದೆ ಜಗಳ ಶುರು.

ನಕಲಿ ಮಾಲು ಇಲ್ಲವೆಂದಲ್ಲ. ಆದರೆ ಎಷ್ಟೋ ಸಲ ಕೊರತೆ ಡಬ್ಬಿಯಲ್ಲಿ ಇರುವುದಿಲ್ಲ, ಹೊಲದಲ್ಲಿರುತ್ತದೆ. ಔಷಧಿ ಕೆಲಸ ಮಾಡಲು ಬೇಕಾದಷ್ಟು ತೇವ ಮಣ್ಣಿನಲ್ಲಿ ಇರುವುದಿಲ್ಲ. ಕನ್ನಡದವರು 'ಹದ' ಅನ್ನುವುದನ್ನೇ ಇಲ್ಲಿಯ ತೆಲುಗಿನವರು 'ಪದುನು' ಅನ್ನುತ್ತಾರೆ. ಬಿತ್ತನೆಗೆ ಹದ ನೋಡುವ ರೈತ ಕಳೆ ಔಷಧಿಗೆ ಮಾತ್ರ ಅದನ್ನು ಮರೆಯುತ್ತಾನೆ.

2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆಯಲ್ಲಿದ್ದು, ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಈ ಭಾಗ ಮಳೆಗೆ ಬಡ ನಾಡು. ಹಳೆಯ ಅನಂತಪುರ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 550 ಮಿ.ಮೀ. ಆಸುಪಾಸು. ಅದೂ ಒಂದು ಮಳೆಗೂ ಇನ್ನೊಂದಕ್ಕೂ ವಾರಗಟ್ಟಲೆ ಅಂತರ. ಕಳೆ ಔಷಧಿ ಕೈಕೊಡುವುದು ಈ ಅಂತರದಲ್ಲೇ.

ತೇವ ಯಾಕೆ ಬೇಕು?

ಬಿತ್ತಿದ ಎರಡು ಮೂರು ದಿನದೊಳಗೆ ಹಾಕುವ ಪೆಂಡಿಮೆಥಾಲಿನ್‌ನಂಥ ಔಷಧಿ ನಿಂತ ಗಿಡವನ್ನು ಸುಡುವುದಿಲ್ಲ. ಮಣ್ಣಿನ ಮೇಲಿನ ಒಂದಂಗುಲದಲ್ಲಿ ತೆಳು ಪದರವಾಗಿ ಕೂತು, ಮೊಳಕೆಯೊಡೆಯುವ ಕಳೆಬೀಜವನ್ನು ಅಲ್ಲೇ ಚಿವುಟುತ್ತದೆ. ಮೊಳಕೆ ಔಷಧಿಯನ್ನು ಹೀರಬೇಕಾದರೆ ಅದು ಮಣ್ಣಿನ ನೀರಿನಲ್ಲಿ ಬೆರೆತಿರಬೇಕು. ಒಣ ಮಣ್ಣಿನ ಮೇಲೆ ಬಿದ್ದ ಔಷಧಿ ಬಿಸಿಲಿಗೆ ದಿನೇ ದಿನೇ ಶಕ್ತಿ ಕಳೆದುಕೊಳ್ಳುತ್ತದೆ.

ಹರಳು ರೂಪದ ಔಷಧಿ, ತೆಲುಗಿನಲ್ಲಿ 'ಗುಳಿಕಲು' ಅನ್ನುವುದು, ಇದಕ್ಕಿಂತ ಹಟಮಾರಿ. ಜೇಡಿಯಂಥ ಸಣ್ಣ ಕಣಕ್ಕೆ ಔಷಧಿ ಹಿಡಿಸಿರುತ್ತಾರೆ. ನೀರು ತಾಗದೆ ಅದು ಕಣ ಬಿಟ್ಟು ಹೊರಗೆ ಬರುವುದಿಲ್ಲ. ಒಣ ಹೊಲದಲ್ಲಿ ಎರಚಿದ ಹರಳು ಕಲ್ಲುಪುಡಿಗೆ ಸಮ.

'ಎಕರೆಗೆ 200 ಲೀಟರ್ ನೀರಲ್ಲಿ ಕಲಸಿ ಹೊಡೀತೀವಲ್ಲ, ಅದೇ ತೇವ ಸಾಲ್ದಾ?' ಎಂಬ ಪ್ರಶ್ನೆ ಬರುವುದು ಸಹಜ. ಲೆಕ್ಕ ಹಾಕಿ ನೋಡಿ. ಒಂದು ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಔಷಧಿ ಮಣ್ಣಿಗಿಳಿದು ಕೆಲಸಕ್ಕೆ ನಿಲ್ಲಲು ವಾರದೊಳಗೆ ಸುಮಾರು 12 ಮಿ.ಮೀ. ಮಳೆಯೋ ನೀರೋ ಬೇಕು. ಅಂದರೆ ಎಕರೆಗೆ 48,000 ಲೀಟರ್. ಇದರ ಮುಂದೆ 200 ಲೀಟರ್ ಯಾವ ಲೆಕ್ಕ? ಅದು ಔಷಧಿಯನ್ನು ಸಮನಾಗಿ ಹರಡಲಷ್ಟೇ.

ಅಕ್ಕಪಕ್ಕದ ಎರಡು ಹೊಲ ಎಂದುಕೊಳ್ಳಿ. ಇಬ್ಬರೂ ಒಂದೇ ಡಬ್ಬಿ ಹಂಚಿಕೊಂಡಿದ್ದಾರೆ. ಒಬ್ಬ ಮಳೆಯ ಮಾರನೇ ದಿನ ಬಿತ್ತಿ, ಹದ ಇರುವಾಗಲೇ ಔಷಧಿ ಹೊಡೆದ. ಇನ್ನೊಬ್ಬ ಪಂಪ್ ಸಿಗಲಿಲ್ಲವೆಂದು ನಾಲ್ಕು ದಿನ ಬಿಟ್ಟು, ಮೇಲ್ಮಣ್ಣು ಒಣಗಿ ಕಳೆ ತಲೆಯೆತ್ತಿದ ಮೇಲೆ ಹೊಡೆದ. ಖರ್ಚು ಒಂದೇ, ಫಲ ಬೇರೆ.

ಎರಡನೆಯವನಿಗೆ ಆಗುವ ನಷ್ಟ ಔಷಧಿಯ ಬೆಲೆಯಷ್ಟೇ ಅಲ್ಲ. ಕಡ್ಲೆಕಾಯಿಗೆ ಮೊದಲ 45 ದಿನ ಕಳೆಯ ಕಾಟ ಇರಬಾರದು. ಆಮೇಲೆ ಹೂವಿನ ಕೆಳಗಿನ ಎಳೆ ಮಣ್ಣಿಗಿಳಿದು ಕಾಯಿ ಕಟ್ಟುವ ಹೊತ್ತು. ಆಗ ಎಡೆಕುಂಟೆ ಹೊಡೆದರೆ ಕಾಯಿಗೇ ಪೆಟ್ಟು. ಹೊಡೆಯದಿದ್ದರೆ ಇದ್ದ ಅಷ್ಟಿಷ್ಟು ತೇವವನ್ನೂ ಕಳೆ ಕುಡಿದುಬಿಡುತ್ತದೆ.

ಹೆಚ್ಚಾದರೂ ಕಷ್ಟ

ಹಾಗಂತ ನೀರು ಜಾಸ್ತಿಯಾದರೆ ಒಳ್ಳೆಯದೆಂದಲ್ಲ. ಔಷಧಿ ಹಾಕಿದ ದಿನವೇ ಜಡಿಮಳೆ ಬಂದರೆ ಇಳಿಜಾರಿನ ಹೊಲದಿಂದ ಮಣ್ಣಿನ ಜತೆ ಔಷಧಿಯೂ ಹಳ್ಳ ಸೇರುತ್ತದೆ. ಮರಳು ಮಣ್ಣಿನಲ್ಲಿ ಕೆಲವು ಔಷಧಿ ಬೇರಿನ ಆಳಕ್ಕಿಳಿದು ಬೆಳೆಯನ್ನೇ ಸೊರಗಿಸುವುದುಂಟು.

ಕೆರೆ, ಬೋರ್‌ವೆಲ್ ಕೆಳಗಿನ ಭತ್ತದ ಗದ್ದೆಯ ಲೆಕ್ಕ ಬೇರೆ. ನಾಟಿಯಾದ 3ರಿಂದ 5 ದಿನದೊಳಗೆ ಬ್ಯುಟಾಕ್ಲೋರ್ ಔಷಧಿಯನ್ನು ಹರಳಾಗಿಯೋ ಮರಳಲ್ಲಿ ಕಲಸಿಯೋ ಎರಚುತ್ತಾರೆ. ಅಲ್ಲಿ ಹದ ಸಾಲದು, ತೆಳ್ಳಗೆ ನೀರು ನಿಂತಿರಬೇಕು. ಎರಚಿದ ಎರಡು ಮೂರು ದಿನ ಮಡಿಯ ನೀರು ಹೊರಬಿಡಬಾರದು.

ಹೋಟೆಲು, ಲೇಔಟುಗಳ ಹುಲ್ಲುಹಾಸಿಗೂ ತೇವದ ಮಾತು ತಪ್ಪಿದ್ದಲ್ಲ. ಹುಲ್ಲುಹಾಸಿನ ಹರಳು ಔಷಧಿ ಹೆಚ್ಚು ಬಳಸುವ ಅಮೆರಿಕದಲ್ಲಿ, ಮೊಳಕೆ ತಡೆಯುವ ಹರಳು ಎರಚಿದ ಮೇಲೆ ನೀರು ಹಾಯಿಸುತ್ತಾರೆ. ಎದ್ದ ಅಗಲೆಲೆ ಕಳೆಗೆ ಹಾಕುವ ಹರಳನ್ನು ಮಾತ್ರ ಬೆಳಗಿನ ಇಬ್ಬನಿಯಲ್ಲೇ ಎರಚುತ್ತಾರೆ. ಒದ್ದೆ ಎಲೆಗಷ್ಟೇ ಹರಳು ಅಂಟುತ್ತದೆ. ಮೇಲೆ ತಕ್ಷಣ ನೀರು ಬಿಟ್ಟರೆ ತೊಳೆದುಹೋಗುತ್ತದೆ.

ರೈತರು ಮಾಡಬೇಕಾದ್ದೇನು?

ಡಬ್ಬಿ ಬಿಚ್ಚುವ ಮೊದಲು ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಬೇಕು. ಉಂಡೆ ನಿಂತರೆ ಹದ ಇದೆ, ಉದುರಿದರೆ ಕಾಯುವುದೇ ಮೇಲು. ನೀರಿನ ಅನುಕೂಲವಿದ್ದವರು ಸ್ಪ್ರಿಂಕ್ಲರ್ ಒಂದಿಷ್ಟು ಹೊತ್ತು ಬಿಡಬಹುದು. ಗಡುವು ಮೀರಿದರೆ ಆ ಔಷಧಿಗೆ ದುಡ್ಡು ಸುರಿಯದೆ ಎಡೆಕುಂಟೆ ಹೊಡೆಯುವುದು ಲೇಸು. ಜೇಕು, ಗರಿಕೆ ತುಂಬಿದ ಹೊಲಕ್ಕೆ ಎಷ್ಟು ಹದವಿದ್ದರೂ ಪೆಂಡಿಮೆಥಾಲಿನ್ ನಾಟುವುದಿಲ್ಲ, ಅವು ಏಳುವುದು ಬೀಜದಿಂದಲ್ಲ, ಗಡ್ಡೆ, ಬೇರಿನಿಂದ.

ಉಳಿದ ಹರಳಿನ ಚೀಲವನ್ನು ಬಾಯಿ ಕಟ್ಟಿ, ಮಕ್ಕಳ ಕೈಗೆ ಸಿಗದ ಒಣ ಜಾಗದಲ್ಲಿಡಬೇಕು. ತೇವ ತಗುಲಿ ಗಟ್ಟಿಕಟ್ಟಿದ ಹರಳು ಒಂದು ಕಡೆ ರಾಶಿ, ಇನ್ನೊಂದು ಕಡೆ ಖಾಲಿ ಬೀಳುತ್ತದೆ. ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದ್ದರೆ ಗಾಳಿ ಬೀಸುವಾಗ ಸಿಂಪಡಣೆ ಬೇಡ. ಹಿಂದೂಪುರದ ಗೂಡಿನ ಮಾರುಕಟ್ಟೆಯನ್ನೇ ನಂಬಿದವರ ಹುಳಕ್ಕೆ ಅದು ಆಪತ್ತು.

ಹೊಲದಲ್ಲಿ ಬೇಕಾದ ತೇವ ಚೀಲದಲ್ಲಿರಬಾರದು, ಚೀಲದಲ್ಲಿ ಬೇಕಾದ ಒಣಗು ಹೊಲದಲ್ಲಿರಬಾರದು. ಇಷ್ಟು ನೋಡಿಕೊಂಡರೆ ಅಂಗಡಿ ಮುಂದಿನ ಅರ್ಧ ಜಗಳ ನಿಂತೀತು.