ವೇಗದ ಗಣಿತ, ವೇಗದ ಹೊಣೆ

ಸಮುದ್ರದ ಅಲೆಗಳ ಮೇಲೆ ಹಲಗೆಯೇರಿ ಜಾರುವ ಆನಂದವನ್ನು ನೆಲದ ಮೇಲೆಯೂ ಪಡೆಯಬೇಕೆಂಬ ಹಂಬಲದಿಂದ, ಕಳೆದ ಶತಮಾನದ ಮಧ್ಯಭಾಗದಲ್ಲಿ ಕ್ಯಾಲಿಫೋರ್ನಿಯದ ತರುಣರು ಮರದ ಹಲಗೆಯ ಅಡಿಗೆ ಗಾಲಿಗಳನ್ನು ಜೋಡಿಸಿದರು. ಆಗಿನ ಗಡುಸು ಗಾಲಿಗಳ ಸ್ಥಾನದಲ್ಲಿ 1970ರ ದಶಕದ ಆದಿಯಲ್ಲಿ ಫ್ರಾಂಕ್ ನಾಸ್ವರ್ದಿಯು ಪಾಲಿಯುರಿಥೇನ್ ಗಾಲಿಗಳನ್ನು ತಂದ ಮೇಲೆ, ರಸ್ತೆಯನ್ನು ಹಿಡಿದುಕೊಂಡು ಓಡುವ ಸ್ಕೇಟ್‌ಬೋರ್ಡ್ ರೂಪುಗೊಂಡಿತು. ಸ್ವೀಡನ್ನಿನ ಬೆಂಜಮಿನ್ ವೆಡ್ಡರ್ ಎಂಬಾತನು ಮೋಟಾರನ್ನು ಆಳುವ ‘ವೆಸ್ಕ್’ ಎಂಬ ನಿಯಂತ್ರಕದ ನಕ್ಷೆಯನ್ನೂ ತಂತ್ರಾಂಶವನ್ನೂ 2010ರ ದಶಕದಲ್ಲಿ ಸರ್ವರಿಗೂ ಮುಕ್ತವಾಗಿ ಒದಗಿಸಿದಂದಿನಿಂದ, ಅದೇ ಹಲಗೆಗೆ ವಿದ್ಯುಚ್ಛಕ್ತಿಯನ್ನು ಕೂಡಿಸಿ ಮನೆಯಲ್ಲಿಯೇ ಕಟ್ಟುವ ಕಾರ್ಯವು ಹೊಸಬರಿಗೂ ಸುಲಭವಾಗಿದೆ. ಅಂಥವರ ಮೊದಲ ಪ್ರಶ್ನೆ, ಇದು ಎಷ್ಟು ವೇಗವಾಗಿ ಓಡೀತು ಎಂಬುದು. ಒಂದು ತಿರುಪನ್ನೂ ಬಿಗಿಯುವ ಮುನ್ನವೇ ಕಾಗದದ ಮೇಲೆ ಇದಕ್ಕೆ ಉತ್ತರ ದೊರೆಯುತ್ತದೆ.

ಇಂಥ ಹಲಗೆಗೆ ಬಳಸುವ ಬ್ರಶ್‌ಲೆಸ್ ಮೋಟಾರಿನ ಮೇಲೆ 190 ಕೆವಿ ಎಂದು ಬರೆದಿದ್ದರೆ, ಹೊರೆಯಿಲ್ಲದಾಗ ಪ್ರತಿಯೊಂದು ವೋಲ್ಟಿಗೂ ಅದು ನಿಮಿಷಕ್ಕೆ 190 ಸುತ್ತು ತಿರುಗುತ್ತದೆಂದು ಅರ್ಥ. 3.6 ವೋಲ್ಟಿನ ಹತ್ತು ಲಿಥಿಯಂ-ಅಯಾನ್ ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ 36 ವೋಲ್ಟ್. ಆದ್ದರಿಂದ ಮೋಟಾರಿನ ಸುತ್ತುಗಳು ನಿಮಿಷಕ್ಕೆ 6,840. ಮೋಟಾರಿನ ತುದಿಯಲ್ಲಿ 16 ಹಲ್ಲುಗಳ ಪುಲ್ಲಿ, ಗಾಲಿಯ ಪಕ್ಕದಲ್ಲಿ 36 ಹಲ್ಲುಗಳ ಪುಲ್ಲಿ, ಇವೆರಡನ್ನೂ ಬಳಸಿದ ಬೆಲ್ಟು ಇದ್ದರೆ, ಗಾಲಿಯು 3,040 ಸುತ್ತು ತಿರುಗುತ್ತದೆ. ಗಾಲಿಯ ವ್ಯಾಸ 90 ಮಿಲಿಮೀಟರ್ ಆಗಿದ್ದಲ್ಲಿ ವೇಗವು ಗಂಟೆಗೆ ಸುಮಾರು 52 ಕಿಲೋಮೀಟರ್. ಸವಾರನ ಭಾರ, ಗಾಳಿಯ ತಡೆ, ಬೆಲ್ಟಿನ ಘರ್ಷಣೆ ಇವುಗಳಲ್ಲಿ ಒಂದಿಷ್ಟು ಸೋರಿಹೋದರೂ ನಲವತ್ತಕ್ಕೆ ಕೊರತೆಯಾಗದು. ವೋಲ್ಟೇಜನ್ನು ಹೆಚ್ಚಿಸಿದಷ್ಟೇ ಪ್ರಮಾಣದಲ್ಲಿ ವೇಗವೂ ಹೆಚ್ಚುತ್ತದೆಯಾದ್ದರಿಂದ, ವೇಗವನ್ನು ಪಡೆಯುವ ಲೆಕ್ಕವು ಬರಿಯ ಗುಣಾಕಾರ, ಭಾಗಾಕಾರ.

ಆದರೆ ವೇಗದ ಪರಿಣಾಮಗಳು ಈ ಸರಳ ಲೆಕ್ಕವನ್ನು ಅನುಸರಿಸುವುದಿಲ್ಲ. ಚಲನಶಕ್ತಿಯು ವೇಗದ ವರ್ಗದಂತೆ ಬೆಳೆಯುತ್ತದೆ: 80 ಕಿಲೋಗ್ರಾಂ ತೂಗುವ ಸವಾರನಲ್ಲಿ ಗಂಟೆಗೆ 20 ಕಿಲೋಮೀಟರಿನಲ್ಲಿ ಸುಮಾರು 1,235 ಜೂಲ್ ಶಕ್ತಿಯಿದ್ದರೆ, 40ರಲ್ಲಿ ಅದು 4,940 ಜೂಲ್ ಆಗುತ್ತದೆ. ಈ ಎರಡನೆಯ ಶಕ್ತಿಯು ಆರು ಮೀಟರಿಗೂ ಹೆಚ್ಚು ಎತ್ತರದಿಂದ, ಎಂದರೆ ಎರಡಂತಸ್ತಿನ ಮನೆಯ ತಾರಸಿಯಿಂದ, ಬಿದ್ದವನು ನೆಲ ಮುಟ್ಟುವಾಗ ಪಡೆದಿರುವ ಶಕ್ತಿಗೆ ಸಮ. ಗಾಳಿಯನ್ನು ಸೀಳಲು ಬೇಕಾದ ಸಾಮರ್ಥ್ಯವಾದರೋ ವೇಗದ ಘನದಂತೆ ಬೆಳೆಯುವುದು. ನೆಟ್ಟಗೆ ನಿಂತ ಸವಾರನಿಗೆ 20ರಲ್ಲಿ ಸುಮಾರು 50 ವಾಟ್ ಸಾಕಾದರೆ 40ರಲ್ಲಿ 400 ವಾಟ್ ಬೇಕಾಗುತ್ತದೆ. ವೇಗ ಇಮ್ಮಡಿಯಾದಾಗ ಪೆಟ್ಟು ನಾಲ್ಮಡಿ, ಬ್ಯಾಟರಿಯ ಮೇಲೆ ಗಾಳಿ ಹೇರುವ ಹೊರೆ ಎಂಟುಮಡಿ ಎಂಬುದೇ ಈ ಕಟ್ಟುವಿಕೆಯ ಮೂಲಪಾಠ.

ಆದುದರಿಂದ ಬ್ರೇಕಿನ ವಿಚಾರವು ಓಟದ ವಿಚಾರಕ್ಕಿಂತ ಮುಂಚಿತವಾಗಿ ಬರತಕ್ಕದ್ದು. ಈ ಹಲಗೆಗಳಲ್ಲಿ ಬ್ರೇಕಿಗೆ ಬೇರೆ ಅಂಗವಿರುವುದು ವಿರಳ. 1831ರಲ್ಲಿ ಫ್ಯಾರಡೆಯು ಕಂಡ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವದಂತೆ, ನಿಯಂತ್ರಕದ ಆಜ್ಞೆಯ ಮೇರೆಗೆ ಅದೇ ಮೋಟಾರು ಜನಿತ್ರವಾಗಿ ಮಾರ್ಪಟ್ಟು, ಗಾಲಿಯ ಚಲನಶಕ್ತಿಯನ್ನು ವಿದ್ಯುತ್ತಾಗಿಸಿ ಬ್ಯಾಟರಿಗೆ ಹಿಂದಿರುಗಿಸುತ್ತದೆ. ಈ ಚೆಲುವಾದ ಉಪಾಯಕ್ಕೆ ಎರಡು ದುರ್ಬಲ ಸ್ಥಾನಗಳುಂಟು. ಪೂರ್ಣ ಚಾರ್ಜಾದ ಬ್ಯಾಟರಿಯೊಡನೆ ಇಳಿಜಾರಿನಲ್ಲಿ ಸವಾರಿಯನ್ನು ಆರಂಭಿಸಿದರೆ ಹಿಂದಿರುಗುವ ವಿದ್ಯುತ್ತಿಗೆ ನೆಲೆಯಿಲ್ಲದೆ ಬ್ರೇಕು ಕುಂದಬಹುದು. ಬೆಲ್ಟು ಕಡಿದರೆ ಮೋಟಾರಿಗೂ ಗಾಲಿಗೂ ಸಂಬಂಧವೇ ತಪ್ಪಿ ಬ್ರೇಕು ಇಲ್ಲವಾಗುತ್ತದೆ. ಎರಡು ಮೋಟಾರು, ಎರಡು ಬೆಲ್ಟು ಇರಬೇಕೆಂಬ ಸಲಹೆಯ ಹಿಂದಿರುವುದು ಓಟದ ಆಸೆಗಿಂತ ಹೆಚ್ಚಾಗಿ ನಿಲ್ಲುವ ಭರವಸೆ.

ಬ್ಯಾಟರಿಯನ್ನು ಕಟ್ಟುವುದರಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ‘18650’ ಎಂಬ ಕೋಶವು 18 ಮಿಲಿಮೀಟರ್ ವ್ಯಾಸದ, 65 ಮಿಲಿಮೀಟರ್ ಉದ್ದದ ಉಕ್ಕಿನ ಡಬ್ಬಿ. ಅದರ ತಳ ಮಾತ್ರವಲ್ಲ, ಇಡೀ ಮೈಯೂ, ಮೇಲ್ತುದಿಯ ಅಂಚೂ ಋಣಧ್ರುವವೇ; ನಡುವಿನ ಗುಂಡಿಯಷ್ಟೇ ಧನಧ್ರುವ. ಇವೆರಡರ ನಡುವಣ ಅಂತರ ಒಂದೆರಡು ಮಿಲಿಮೀಟರ್, ಅಂಚನ್ನು ಮುಚ್ಚಿರುವುದು ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆ. ಗುಂಡಿಯ ಮೇಲೆ ಹಾಯುವ ನಿಕ್ಕಲ್ ಪಟ್ಟಿಯು ಹಲಗೆಯ ನಡುಕಕ್ಕೆ ಉಜ್ಜಿ ಉಜ್ಜಿ ಆ ಹೊದಿಕೆಯನ್ನು ಸವೆಸಿತೆಂದರೆ ಶಾರ್ಟ್ ಸರ್ಕ್ಯೂಟ್ ಆಗಿ ಕೋಶ ಹೊತ್ತಿಕೊಳ್ಳಬಹುದು. ಈ ಕಾರಣದಿಂದಲೇ ಬಲ್ಲವರು ಪ್ರತಿ ಕೋಶದ ತಲೆಯ ಮೇಲೂ ನಿರೋಧಕ ಕಾಗದದ ಬಳೆಯೊಂದನ್ನು ಅಂಟಿಸುತ್ತಾರೆ. ಬೆಸುಗೆಯ ಕಡ್ಡಿಯ ಕಾವು ಕೋಶದ ಒಳಗನ್ನು ಕೆಡಿಸೀತೆಂದು ಸ್ಪಾಟ್ ವೆಲ್ಡಿಂಗ್ ಮಾಡುತ್ತಾರೆ. ಕೋಶಗಳ ಏರುಪೇರನ್ನು ಕಾಯುವ ಬಿಎಂಎಸ್ (ಬ್ಯಾಟರಿ ನಿರ್ವಹಣಾ ವ್ಯವಸ್ಥೆ) ಇಲ್ಲದೆ ಚಾರ್ಜಿಗೆ ಹಾಕುವುದಿಲ್ಲ. ಹೊಸಬನು ಬ್ಯಾಟರಿಯೆಂಬ ಈ ಒಂದು ಅಂಗವನ್ನು ಸಿದ್ಧವಾಗಿ ಕೊಂಡರೆ ಅದರಿಂದ ಅವನ ಕೌಶಲಕ್ಕೆ ಕುಂದೇನೂ ಇಲ್ಲ.

ಹಾಗಾದರೆ ಆರಂಭ ಎಲ್ಲಿಂದ? ನನ್ನ ದೃಢವಾದ ಅಭಿಪ್ರಾಯದಲ್ಲಿ ಲೆಕ್ಕವನ್ನು ಹಿಂದುಮುಂದಾಗಿ ಮಾಡಬೇಕು. ಹಿಡಿದುಕೊಳ್ಳಲು ಏನೂ ಇಲ್ಲದೆ ಹಲಗೆಯ ಮೇಲೆ ನಿಂತವನು ಪ್ರತಿ ಸೆಕೆಂಡಿನಲ್ಲಿಯೂ ತನ್ನ ವೇಗವನ್ನು ಸೆಕೆಂಡಿಗೆ 2.5 ಮೀಟರಿನಷ್ಟು ತಗ್ಗಿಸಿಕೊಳ್ಳಬಲ್ಲನೆಂದು ಭಾವಿಸಿದರೆ, ಗಂಟೆಗೆ 20 ಕಿಲೋಮೀಟರ್ ವೇಗದಿಂದ ನಿಲ್ಲಲು ಸುಮಾರು ಆರು ಮೀಟರ್ ಸಾಕು. 40ರಿಂದ ನಿಲ್ಲಲು ಸುಮಾರು 25 ಮೀಟರ್ ಬೇಕು. ಗಾಬರಿಯಾದ ಮನಸ್ಸು ಬ್ರೇಕೊತ್ತುವ ಮೊದಲು ಹಲಗೆ ಓಡುವ ದೂರವು ಇದರ ಮೇಲಿನ ಮಾತು. ತಾನು ಓಡಿಸುವ ದಾರಿಯಲ್ಲಿ ಎಷ್ಟು ದೂರದೊಳಗೆ ನಿಲ್ಲಲೇಬೇಕಾದೀತೆಂಬುದನ್ನು ಮೊದಲು ನಿಶ್ಚಯಿಸಿ, ಆ ದೂರದಿಂದ ವೇಗಕ್ಕೆ, ವೇಗದಿಂದ ಪುಲ್ಲಿಯ ಹಲ್ಲುಗಳಿಗೆ, ಅಲ್ಲಿಂದ ಬ್ಯಾಟರಿಗೆ ಬರುವುದು ಕ್ರಮ. ನಿಯಂತ್ರಕದ ತಂತ್ರಾಂಶದಲ್ಲಿ ಗರಿಷ್ಠ ವೇಗಕ್ಕೆ ಮಿತಿಯನ್ನು ಹಾಕಲು ಅವಕಾಶವಿರುವುದರಿಂದ, ಮೊದಮೊದಲು ಅದನ್ನು 20ಕ್ಕೆ ಕಟ್ಟಿ, ತಲೆಗೆ ಹೆಲ್ಮೆಟ್ಟನ್ನೂ ಅಂಗೈ ಮೊಣಕಾಲುಗಳಿಗೆ ಕಾಪನ್ನೂ ತೊಟ್ಟು, ಪ್ರತಿಯೊಂದು ವೇಗದಲ್ಲಿಯೂ ನಿಲ್ಲುವುದನ್ನು ಕಲಿತ ಬಳಿಕವಷ್ಟೇ ಮಿತಿಯನ್ನು ಏರಿಸುವವನಿಗೆ, ತಾನು ಕಟ್ಟಿದ ಯಂತ್ರದ ಸಂಪೂರ್ಣ ವೇಗವನ್ನು ಅನುಭವಿಸುವ ಅಧಿಕಾರವೂ ಅದರ ನಿಜವಾದ ಸಂತೋಷವೂ ಪ್ರಾಪ್ತವಾಗುತ್ತವೆ.