ಕಣ್ಣಿನ ಓಟಕ್ಕೆ ಬ್ರೇಕ್ ಹಾಕೋ ಲೆನ್ಸ್
ಸಮೀಪದೃಷ್ಟಿ ಇರೋ ಮಗುವಿನ ಕಣ್ಣುಗುಡ್ಡೆ ಉದ್ದಕ್ಕೆ ಬೆಳೆದಿರುತ್ತೆ. ಮಾಮೂಲಿ ಮೈನಸ್ ಲೆನ್ಸ್ ಬೋರ್ಡನ್ನು ಸ್ಪಷ್ಟವಾಗಿ ತೋರಿಸುತ್ತೆ, ಆ ಬೆಳವಣಿಗೆಯನ್ನು ತಡೆಯಲ್ಲ. ಪವರ್ ಏರಿದಷ್ಟೂ ಮುಂದೆ ರೆಟಿನಾ ಕಳಚಿಕೊಳ್ಳುವ ಅಪಾಯ ಜಾಸ್ತಿ.

‘ಡಿಮ್ಸ್’ ಲೆನ್ಸಿನಲ್ಲಿ ನಡುವಿನ 9 ಮಿ.ಮೀ. ಮಾತ್ರ ಮಾಮೂಲಿ, ಸುತ್ತ +3.50 ಹೆಚ್ಚುವರಿ ಪವರಿನ ನೂರಾರು ಪುಟಾಣಿ ಲೆನ್ಸ್‌ಗಳು. ಇವು ಸ್ವಲ್ಪ ಬೆಳಕನ್ನು ರೆಟಿನಾದ ಮುಂದೆಯೇ ಕೂಡಿಸಿ, ಬೆಳೆದಿದ್ದು ಸಾಕು ಅಂತ ಕಣ್ಣಿಗೆ ಸಿಗ್ನಲ್ ಕೊಡುತ್ತವಂತೆ.

ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಪರೀಕ್ಷೆ ಮಜವಾಗಿತ್ತು: ಯಾರಿಗೆ ಯಾವ ಲೆನ್ಸ್ ಅಂತ ಮಕ್ಕಳಿಗೂ ಗೊತ್ತಿಲ್ಲ, ಕಣ್ಣು ಅಳೆಯೋರಿಗೂ ಗೊತ್ತಿಲ್ಲ! 2 ವರ್ಷದಲ್ಲಿ ಮಾಮೂಲಿ ಲೆನ್ಸಿನವರ ಕಣ್ಣು ಸರಾಸರಿ 0.55 ಮಿ.ಮೀ. ಉದ್ದವಾಯ್ತು, ಡಿಮ್ಸ್‌ನವರದು 0.21. ಪೂರ್ತಿ ನಿಲ್ಲಲಿಲ್ಲ, ನಿಧಾನ ಆಯ್ತು ಅಷ್ಟೇ. ಹಾಗಾಗಿ ತಮ್ಮನನ್ನೋ ತಂಗಿಯನ್ನೋ ರಾಜಾಜಿನಗರದ ನಾರಾಯಣ ನೇತ್ರಾಲಯಕ್ಕೋ ಬೇರೆಲ್ಲಿಗೋ ಕರ್ಕೊಂಡು ಹೋದಾಗ, ಪವರ್ ಜೊತೆ ಕಣ್ಣಿನ ಉದ್ದವನ್ನೂ ಅಳತೆ ಮಾಡಿಸಿ.